ಯಾರಿಗೆ ಹಾಕಿದ್ರಿ ಅಂತ ಗೊತ್ತಾಗುತ್ತಾ?

ಬೈಯಪ್ಪನಹಳ್ಳಿಯಲ್ಲಿ ಚುನಾವಣೆ ಹೊತ್ತಲ್ಲಿ ಜನರನ್ನ ಮಾತಾಡಿಸ್ತಿದ್ದೆ. ಹೂ ಮಾರುವ ಅಮ್ಮ ಮೈಕ್ ಪಕ್ಕಕ್ಕೆ ಸರಿಸಿ ಮೆಲ್ಲಗೆ ಕೇಳಿದರು: "ಬೇರೆಯೋರಿಗೆ ಹಾಕಿದ್ರೆ ನಮಗೆ ಗೊತ್ತಾಗುತ್ತೆ ಅಂತ ಹೇಳಿ ಹೋಗ್ತಾರೆ. ನಿಜಾನಾ ಸಾರ್?"

ಒಂದು ಕಾಲಕ್ಕೆ, ಒಂದು ದೇಶದಲ್ಲಿ ನಿಜವಾಗಿತ್ತು. 1890, ಜಪಾನಿನ ಮೊದಲ ಸಂಸತ್ ಚುನಾವಣೆ. ವರ್ಷಕ್ಕೆ 15 ಯೆನ್ ತೆರಿಗೆ ಕಟ್ಟುವ, 25 ತುಂಬಿದ ಗಂಡಸರಿಗಷ್ಟೇ ಮತ. ಮತದಾರರು ಸುಮಾರು ನಾಲ್ಕೂವರೆ ಲಕ್ಷ, ಸ್ಥಾನ 300. ಅಂದರೆ ಒಂದು ಸ್ಥಾನಕ್ಕೆ 1,500 ಜನ! ಒಬ್ಬೊಬ್ಬರ ಮನೆ ಬಾಗಿಲಿಗೂ ಹೋಗಿ ಮತ ಕೇಳಬಹುದಿತ್ತು. ಮೇಲಾಗಿ ಮತಪತ್ರದ ಮೇಲೆ ಮತದಾರ ತನ್ನ ಹೆಸರನ್ನೂ ಬರೆದು ಮುದ್ರೆ ಒತ್ತಬೇಕಿತ್ತು. ಇನ್ನು ಗುಟ್ಟೆಲ್ಲಿ ಉಳೀತು?

ನಮ್ಮ 1951-52ರ ಮೊದಲ ಮಹಾಚುನಾವಣೆ ಬೇರೆ ದಾರಿ ಹಿಡಿಯಿತು. 21 ತುಂಬಿದ ಗಂಡಸು, ಹೆಂಗಸು ಎಲ್ಲರಿಗೂ ಮತ. ಹೆಚ್ಚಿನವರಿಗೆ ಓದು ಬಾರದು. ಅದಕ್ಕೇ ಅಭ್ಯರ್ಥಿಗೊಂದು ಪೆಟ್ಟಿಗೆ, ಅದರ ಮೇಲೊಂದು ಚಿಹ್ನೆ. ಕಾಂಗ್ರೆಸ್ಸಿನ ಜೋಡೆತ್ತು, ಕಿಸಾನ್ ಮಜ್ದೂರ್ ಪ್ರಜಾ ಪಕ್ಷದ ಗುಡಿಸಲು, ಇವನ್ನ ಗುರುತು ಮಾಡಿಸೋದೇ ಪ್ರಚಾರದ ದೊಡ್ಡ ಕೆಲಸ. ಮರೆಗೆ ಹೋಗಿ ಚೀಟಿ ಹಾಕಿದರೆ ಮುಗೀತು. ಅದರ ಮೇಲೆ ಹೆಸರಿಲ್ಲ.

ಇವತ್ತೂ ಅಷ್ಟೇ. ವಿವಿಪ್ಯಾಟ್ ಚೀಟಿ ಏಳು ಸೆಕೆಂಡ್ ಕಾಣಿಸಿ ಡಬ್ಬದೊಳಗೆ ಬೀಳುತ್ತೆ. ಬೂತಿನ ಲೆಕ್ಕ ಹೊರಗೆ ಬರುತ್ತೆ, ಮನುಷ್ಯರ ಲೆಕ್ಕ ಬರಲ್ಲ.

"ಗೊತ್ತಾಗಲ್ಲ ಅಮ್ಮಾ" ಅಂದೆ.

"ಹಂಗಾದ್ರೆ ಸರಿ" ಅಂದರು. ಮಲ್ಲಿಗೆ ಮೊಳ ಹಾಕತೊಡಗಿದರು.