ಗುರುತಿನ ಚೀಟಿಯ ಬೆನ್ನಿಗೊಂದು ಸಂಖ್ಯೆ

ಲಂಡನ್ನಿನ ಪಾದ್ರಿ ಚಾಡ್ ವಾರಾ 1953ರಲ್ಲಿ, ಸಾಯುವ ಯೋಚನೆಯಲ್ಲಿರುವವರು ತಮ್ಮ ಚರ್ಚಿಗೆ ದೂರವಾಣಿ ಮಾಡಲಿ ಎಂದು ಕರೆ ಕೊಟ್ಟರು. ಜನ ಬರತೊಡಗಿದರು. ಕಾದು ಕುಳಿತವರಿಗೆ ಸ್ವಯಂಸೇವಕರು ಚಹಾ ಕೊಟ್ಟು ಮಾತಿಗೆಳೆಯುತ್ತಿದ್ದರು. ಎಷ್ಟೋ ಮಂದಿ ಅಷ್ಟಕ್ಕೇ ಹಗುರಾಗಿ, ಪಾದ್ರಿಯನ್ನು ಕಾಣದೆಯೇ ಮರಳುತ್ತಿದ್ದರಂತೆ! 'ಸಮರಿಟನ್ಸ್' ಸಹಾಯವಾಣಿ ಹುಟ್ಟಿದ್ದು ಹೀಗೆ.

ಇಂಥ ಸಂಖ್ಯೆ ಕಾಲೇಜು ಹುಡುಗರ ಕೈಗೆ ತಲುಪುವುದು ಹೇಗೆ? ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಇದನ್ನು ಕಾಲೇಜುಗಳ ಇಚ್ಛೆಗೆ ಬಿಡಲಿಲ್ಲ. ಅವು ಕೊಡುವ ಗುರುತಿನ ಚೀಟಿಯ ಮೇಲೆ ಆತ್ಮಹತ್ಯೆ ತಡೆ ಸಹಾಯವಾಣಿಯ ಸಂಖ್ಯೆ ಇರಲೇಬೇಕೆಂದು 2018ರಲ್ಲಿ ಕಾಯ್ದೆ ಮಾಡಿತು. 2019ರ ಜುಲೈಯಲ್ಲಿ ಅದು ಜಾರಿಗೆ ಬಂತು.

ನಮ್ಮ ಸುಪ್ರೀಂ ಕೋರ್ಟ್ 2025ರ ಜುಲೈಯಲ್ಲಿ ಹೊರಡಿಸಿದ ಮಾರ್ಗಸೂಚಿಯು ಸಹಾಯವಾಣಿ ಸಂಖ್ಯೆಗಳನ್ನು ತರಗತಿ, ಹಾಸ್ಟೆಲುಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಹಾಕಬೇಕೆನ್ನುತ್ತದೆ. ಒಳ್ಳೆಯದೇ. ಆದರೆ ಹಾಸ್ಟೆಲಿನ ಗೋಡೆಯೆದುರು ನಿಂತು ಸಂಖ್ಯೆ ಬರೆದುಕೊಳ್ಳುವ ಹುಡುಗನನ್ನು ನಾಲ್ಕು ಜನ ನೋಡುತ್ತಾರೆ, ಆಡಿಕೊಳ್ಳುತ್ತಾರೆ. ಜೇಬಿನ ಚೀಟಿ ತಿರುಗಿಸಿದರೆ ಯಾರಿಗೂ ತಿಳಿಯದು.

ಆ ಗೋಡೆಗಳ ಮೇಲೆ ಬರಬೇಕಾದ ಸಂಖ್ಯೆಗಳಲ್ಲೊಂದು 14416. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ 'ಟೆಲಿ ಮಾನಸ್' ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಕರೆ ಉಚಿತ, ದಿನದ 24 ಗಂಟೆಯೂ ಲಭ್ಯ; ಕನ್ನಡದಲ್ಲೇ ಮಾತಾಡಬಹುದು.