ಅರಬ್ಬೀ ಸಮುದ್ರದ ಸುಳಿ, ಕಾಫಿ ಮಲೆಗಳ ಮಳೆ

ಮೇ ತಿಂಗಳಲ್ಲಿ ಮೂಡಿಗೆರೆ, ಕಳಸದ ಕಾಫಿ ಬೆಳೆಗಾರರು ಮುಂಗಾರಿಗೆ ಮುನ್ನ ಗೊಬ್ಬರ ಹಾಕಬೇಕು, ಬೋರ್ಡೋ ದ್ರಾವಣ ಸಿಂಪಡಿಸಬೇಕು. ದ್ರಾವಣ ಎಲೆಯ ಮೇಲೆ ಒಣಗುವ ಮೊದಲೇ ಜಡಿಮಳೆ ಹಿಡಿದರೆ ಖರ್ಚು, ಶ್ರಮ ಎರಡೂ ನೀರುಪಾಲು. ಅರಬ್ಬೀ ಸಮುದ್ರದಲ್ಲಿ ‘ಅಲ್ಪ ಒತ್ತಡದ ಪ್ರದೇಶ’ ಉಂಟಾಗಿದೆಯೆಂದರೆ ಇಲ್ಲಿ ಚಿಂತೆ ಶುರು.

ಅದು ಬಲಗೊಳ್ಳುವುದೇ? ಸಮುದ್ರದ ಮೇಲ್ಮೈ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರಬೇಕು. ಮೇ ತಿಂಗಳಲ್ಲಿ ಅದಕ್ಕೆ ಕೊರತೆಯಿಲ್ಲ. ತೊಡಕಿರುವುದು ಗಾಳಿಯಲ್ಲಿ. ಕೆಳಸ್ತರದ ಮತ್ತು ಮೇಲ್ಸ್ತರದ ಗಾಳಿಗಳ ವೇಗ, ದಿಕ್ಕುಗಳಲ್ಲಿ ಬಹಳ ವ್ಯತ್ಯಾಸವಿದ್ದರೆ ಮೋಡಗಳ ರಾಶಿ ಓರೆಯಾಗಿ ಚದರಿಹೋಗುತ್ತದೆ. ಉಪಗ್ರಹ ಚಿತ್ರ, ಗಣಕ ಮಾದರಿಗಳ ನೆರವಿನಿಂದ ಭಾರತೀಯ ಹವಾಮಾನ ಇಲಾಖೆಯು ‘ವಾಯುಭಾರ ಕುಸಿತ’ವಾಗುವ ಸಾಧ್ಯತೆಯನ್ನು ತಿಳಿಸುತ್ತದೆ: ಶೇ. 33ರವರೆಗೆ ಕಡಿಮೆ, 67ರವರೆಗೆ ಮಧ್ಯಮ, ಅದಕ್ಕೂ ಮೇಲೆ ಹೆಚ್ಚು. ಗಾಳಿಯ ವೇಗ ಗಂಟೆಗೆ 62 ಕಿ.ಮೀ. ಮುಟ್ಟಿದರೆ ಅದು ಚಂಡಮಾರುತ.

2021ರ ಮೇ 14ರಂದು ಲಕ್ಷದ್ವೀಪದ ಬಳಿ ಇದ್ದ ವಾಯುಭಾರ ಕುಸಿತ ಮರುದಿನವೇ ‘ತೌಕ್ತೆ’ ಚಂಡಮಾರುತವಾಯಿತು. 17ರ ರಾತ್ರಿ ಗುಜರಾತಿನ ದಡ ಸೇರಿತು. ಅದರ ಕೇಂದ್ರ ನಮ್ಮ ಕರಾವಳಿಯನ್ನು ಮುಟ್ಟಲೇ ಇಲ್ಲ. ಆದರೆ ಸುಳಿಯ ದಕ್ಷಿಣ, ಪೂರ್ವ ಬದಿಗಳ ತೇವಭರಿತ ಗಾಳಿ ಘಟ್ಟಕ್ಕೆ ಬಡಿದು, ಮೇಲೇರಿ, ತಣಿದು ಮಲೆನಾಡಿನಲ್ಲಿ ಭಾರೀ ಮಳೆಯಾಯಿತು.

ಇಲಾಖೆಯ ಶೇಕಡಾವಾರು ಅಂಕಿ ಸುಳಿ ಬಲಗೊಳ್ಳುವುದನ್ನು ಕುರಿತದ್ದು, ಕಳಸದ ಮಳೆಯನ್ನಲ್ಲ! 2018ರ ಮೇ 29ರಂದು ಮಂಗಳೂರನ್ನು ಮುಳುಗಿಸಿದ ಮಳೆಗೆ ಚಂಡಮಾರುತವೇ ಬೇಕಾಗಲಿಲ್ಲ. ಸುಳಿ ದುರ್ಬಲವಾಗಿಯೇ ಉಳಿದರೂ ಪಶ್ಚಿಮದ ಗಾಳಿ ಘಟ್ಟದತ್ತ ಬೀಸುತ್ತಿದೆಯೇ ಎಂಬುದನ್ನು ನೋಡಿಯೇ ಸಿಂಪಡಣೆಯ ದಿನ ಗೊತ್ತುಮಾಡುವುದು ಒಳ್ಳೆಯದು.