ಗಂಟು ಕೈಗೆ ಸಿಕ್ಕರೆ ಮೊದಲು ಸೂಜಿ

ನಾಯಿಯ ಮೈ ಸವರುವಾಗ ಚರ್ಮದಡಿ ಗಂಟೊಂದು ಸಿಕ್ಕಿತೆನ್ನಿ. ಮೆತ್ತಗಿದೆ, ಅತ್ತಿತ್ತ ಜಾರುತ್ತದೆ, ಒತ್ತಿದರೆ ನೋವಿಲ್ಲ. ‘ಬರೀ ಕೊಬ್ಬಿನ ಗಂಟು, ಬಿಡಿ’ ಎನ್ನುವವರಿಗೇನೂ ಕೊರತೆಯಿಲ್ಲ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ನಾಯಿಗಳ ಚರ್ಮದಲ್ಲಿ ಆಗಾಗ ಕಾಣುವ ಮಾಸ್ಟ್ ಸೆಲ್ ಕ್ಯಾನ್ಸರ್ ಕೂಡ ಹೀಗೇ ಮೆತ್ತಗಿರಬಲ್ಲದು. ಎಂಥ ಅನುಭವಿ ವೈದ್ಯರ ಬೆರಳಿಗೂ ಇವೆರಡರ ವ್ಯತ್ಯಾಸ ಖಚಿತವಾಗಿ ತಿಳಿಯದು.

ಅದಕ್ಕೇ ಸೂಜಿ ಪರೀಕ್ಷೆ. ಇಂಜೆಕ್ಷನ್ನಿಗೆ ಬಳಸುವಂಥದೇ 22 ಅಥವಾ 23 ಗೇಜಿನ ಸೂಜಿಯನ್ನು ಗಂಟಿಗೆ ಚುಚ್ಚಿ, ಒಳಗೇ ಹಿಂದೆ ಮುಂದೆ ಆಡಿಸಿ, ಸಿಕ್ಕ ಕೋಶಗಳನ್ನು ಗಾಜಿನ ಸ್ಲೈಡಿನ ಮೇಲೆ ಹರಡುತ್ತಾರೆ. ಸಾಮಾನ್ಯವಾಗಿ ಅರಿವಳಿಕೆ ಬೇಕಿಲ್ಲ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೀವಿನ ಗಂಟಿನಲ್ಲಿ ಬಿಳಿರಕ್ತಕಣಗಳ ಸಂತೆ, ಮಾಸ್ಟ್ ಸೆಲ್ ಆದರೆ ನೇರಳೆ ಕಾಳು ತುಂಬಿದ ಗುಂಡು ಕೋಶಗಳು. ಈ ಗಡ್ಡೆಯನ್ನು ಹಿಸುಕಬಾರದು. ಹಿಸುಕಿದರೆ ಕಾಳುಗಳಲ್ಲಿರುವ ಹಿಸ್ಟಮೀನ್ ಹೊರಬಿದ್ದು ಸುತ್ತಲೂ ಊದಿಕೊಳ್ಳುತ್ತದೆ. ಕ್ಯಾನ್ಸರ್ ಯಾವ ದರ್ಜೆಯದು ಎಂದು ತಿಳಿಯಲು ಮಾತ್ರ ಬಯಾಪ್ಸಿಯೇ ಆಗಬೇಕು.

ದುಗ್ಧಗ್ರಂಥಿಗಳ ಲೆಕ್ಕ ಬೇರೆ. ದವಡೆಯ ಕೆಳಗೆ, ಭುಜದ ಮುಂದೆ, ಹಿಂಗಾಲಿನ ಮಂಡಿಯ ಹಿಂದೆ ಇವು ಕೈಗೆ ಸಿಗುತ್ತವೆ. ಒಂದೇ ಊದಿದ್ದರೆ ಹತ್ತಿರದಲ್ಲೇ ಗಾಯವೋ ಹುಳುಕುಹಲ್ಲೋ ಇದೆಯೇ ಹುಡುಕಬೇಕು. ಹಲವು ಕಡೆ ಒಟ್ಟಿಗೆ ಊದಿದ್ದರೆ ಲಿಂಫೋಮಾ ಎಂಬ ಕ್ಯಾನ್ಸರಿನ ಅನುಮಾನ ಬರುತ್ತದೆ, ನಿಜ; ಆದರೆ ನಮ್ಮಲ್ಲಿ ಉಣ್ಣೆಯಿಂದ ಬರುವ ಎರ್ಲಿಕಿಯಾ ಜ್ವರದಲ್ಲೂ ಹೀಗಾಗುತ್ತದೆ. ಹಾಗಾಗಿ ರಕ್ತ ಪರೀಕ್ಷೆಯೂ ಜೊತೆಗಿರಲಿ. ಸೂಜಿ ಹಾಕಲು ದವಡೆಯದಕ್ಕಿಂತ ಮಂಡಿಯ ಹಿಂದಿನ ಗ್ರಂಥಿಯೇ ಮೇಲು. ಹಲ್ಲು, ಒಸಡುಗಳ ಸೋಂಕಿಗೆ ದವಡೆಯದು ಸದಾ ಕೆರಳಿರುವುದುಂಟು.

ಇಲ್ಲಿ ನನ್ನದೊಂದು ಹಟವಿದೆ: ಪರೀಕ್ಷೆಗೆ ಮುನ್ನ ಸ್ಟೀರಾಯ್ಡ್ ಬೇಡ. ಊತ ಇಳಿಯುತ್ತದೆ, ಮನೆಯವರಿಗೆ ಸಮಾಧಾನವಾಗುತ್ತದೆ. ಲಿಂಫೋಮಾ ಇದ್ದರೆ ಅದು ಮರೆಯಾಗುವುದಷ್ಟೇ ಅಲ್ಲ, ಮುಂದಿನ ಕೀಮೋಥೆರಪಿಗೂ ಸರಿಯಾಗಿ ಬಗ್ಗದಿರಬಹುದು.

ಬೆಕ್ಕುಗಳಲ್ಲಿ ದಿಢೀರನೆ ಎದ್ದ ಬಿಸಿ ಗಂಟು ಹೆಚ್ಚಾಗಿ ಕಾಳಗದ ಕಡಿತ ಕೀವಾದದ್ದು. ಹೆಣ್ಣು ಬೆಕ್ಕಿನ ಮೊಲೆಯಲ್ಲಿ ಗಂಟಾದರೆ ಮಾತ್ರ ತಡ ಕೂಡದು, ಅವುಗಳಲ್ಲಿ ಬಹುಪಾಲು ಕ್ಯಾನ್ಸರೇ. ಲಸಿಕೆ ಹಾಕಿದ ಜಾಗದ ಗಂಟು 3 ತಿಂಗಳಾದರೂ ಕರಗದಿದ್ದರೆ, 2 ಸೆಂಟಿಮೀಟರಿಗಿಂತ ದೊಡ್ಡದಾದರೆ ಅಥವಾ 1 ತಿಂಗಳ ನಂತರವೂ ಬೆಳೆಯುತ್ತಿದ್ದರೆ ಬಯಾಪ್ಸಿ ಮಾಡಿಸಬೇಕು. ಆಗಲೂ ಮೊದಲು ಚಿಕ್ಕ ತುಣುಕನ್ನಷ್ಟೇ ತೆಗೆಯಬೇಕು. ಅದು ಸಾರ್ಕೋಮಾ ಆಗಿದ್ದರೆ ಸುತ್ತಲ ಅಂಗಾಂಶವನ್ನೂ ಅಗಲವಾಗಿ ಸೇರಿಸಿ ಕತ್ತರಿಸಬೇಕಾಗುತ್ತದೆ, ಅದಕ್ಕೆ ಒಳ್ಳೆಯ ಅವಕಾಶ ಮೊದಲ ಶಸ್ತ್ರಕ್ರಿಯೆಯಲ್ಲೇ.